ಅತ್ತೆಯ ಕೈ, ಪಾಕೀಟಿನ ಹಿಟ್ಟು

ಸ್ನಾನದ ಸಾಬೂನಿನ ಹೊಸ ಬಿಲ್ಲೆ ಬಿಚ್ಚಿದಾಗ ಅದರ ಬೆನ್ನು ತಿರುಗಿಸಿ ನೋಡಿ. ನಡುವೆ ಒಂದು ತಗ್ಗು ಇರುತ್ತದೆ. ಮೊದಲು ಇರಲಿಲ್ಲ. ಮೊದಲು ಅಲ್ಲಿ ಸಾಬೂನೇ ಇರುತ್ತಿತ್ತು. ಯಾರೋ ಮಹಾಶಯ ಕೂತು ಯೋಚಿಸಿ, ಮುಂದಿನಿಂದ ನೋಡಿದರೆ ಅಷ್ಟೇ ದೊಡ್ಡದು ಕಾಣಬೇಕು, ಹಿಂದಿನಿಂದ ಹೆಬ್ಬೆರಳಿನಷ್ಟು ಕೆತ್ತಿ ತೆಗೆಯಬೇಕು ಎಂದು ಅಚ್ಚು ಮಾಡಿಸಿದ್ದಾನೆ. ಆ ಕೆಲಸಕ್ಕೆ ಅವನಿಗೆ ಸಂಬಳವೂ ಸಿಕ್ಕಿರುತ್ತದೆ, ಬಡ್ತಿಯೂ ಸಿಕ್ಕಿರುತ್ತದೆ. ನಾನು ದಿನಾ ಬೆಳಿಗ್ಗೆ ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಅವನನ್ನು ಬೈಯುತ್ತೇನೆ.

ನನ್ನ ಗಂಡ ಇದಕ್ಕೆ ನಗುತ್ತಾರೆ. ನಿವೃತ್ತಿಯಾದ ಮೇಲೆ ಬೈಯಲು ಮಕ್ಕಳು ಸಿಗದೆ ಸಾಬೂನಿಗೆ ಬೈಯುತ್ತಿದ್ದೀಯ ಅನ್ನುತ್ತಾರೆ. ನಾನು ಬೀದರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಬೈಯುವುದು ನನಗೆ ರೂಢಿಯಾದ ಕೆಲಸ, ಅದು ಸುಳ್ಳಲ್ಲ. ಆದರೆ ಸುಮ್ಮನೆ ಬೈಯುವವಳಲ್ಲ. ಚಹಾಪುಡಿ ನೋಡಿ. ಈಗಿನದು ತಣ್ಣೀರಿಗೆ ಹಾಕಿದರೂ ಕೆಂಪು ಬಣ್ಣ ಬಿಡುತ್ತದೆ, ಹತ್ತು ನಿಮಿಷ ಕುದಿಸಿದರೂ ರುಚಿ ಬಿಡುವುದಿಲ್ಲ. ಚಹಾದಲ್ಲಿ ಅದ್ದಿದ ಬಿಸ್ಕೀಟು ಬಾಯಿಗೆ ಬರುವ ಮೊದಲೇ ಕಪ್ಪಿನ ತಳ ಸೇರುತ್ತದೆ. ಇನ್ನು ತಲೆಗೆ ಹಚ್ಚುವ ಎಣ್ಣೆ. ಬೀದರಿನ ಚಳಿ ಸಣ್ಣದಲ್ಲ. ಮೊದಲೆಲ್ಲ ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಡಬ್ಬಿ ಕಲ್ಲಾಗಿರುತ್ತಿತ್ತು. ಅದನ್ನು ಬಿಸಿಲಿಗೆ ಇಟ್ಟು, ಕರಗುವ ತನಕ ನಾನೂ ನನ್ನ ಮಗಳೂ ಜಡೆ ಬಿಚ್ಚಿಕೊಂಡು ಮಾಳಿಗೆಯ ಮೇಲೆ ಕೂರುತ್ತಿದ್ದೆವು. ಈಗ ಹಲ್ಲು ಕಟಕಟ ಅನ್ನುವ ಚಳಿಯಲ್ಲೂ ಅದೇ ಚಿತ್ರದ ಡಬ್ಬಿಯಿಂದ ಎಣ್ಣೆ ನೀರಿನ ಹಾಗೆ ಸುರಿಯುತ್ತದೆ. ಅದು ಯಾವ ಎಣ್ಣೆ ಎಂದು ದೇವರೇ ಬಲ್ಲ.

ಇವೆಲ್ಲ ಹಾಳಾಗಿ ಹೋಗಲಿ. ತಲೆಗೂದಲು ಹೇಗೂ ಉದುರಿದೆ, ಚಹಾ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ಈ ಮೋಸದ ಸಾಮಾನು ನಮ್ಮ ಅತ್ತೆಯ ಕೈಯ ಮೇಲಿನ ನಂಬಿಕೆಯನ್ನು ತಿಂದು ಹಾಕಿತು. ಬೇರೆಯವರ ನಂಬಿಕೆ ಮಾತ್ರವಲ್ಲ, ಅತ್ತೆಯ ನಂಬಿಕೆಯನ್ನೂ. ಅದರಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನನ್ನ ತವರು ಔರಾದ ತಾಲ್ಲೂಕಿನ ಎಕಂಬಾ. ಕೊಟ್ಟದ್ದು ಭಾಲ್ಕಿಗೆ. ಭಾಲ್ಕಿಯ ಮನೆಯಲ್ಲಿ ಅತ್ತೆ, ಗಂಡನ ತಮ್ಮ, ಅವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ ಇದ್ದಾರೆ. ನಾವು ನೌಕರಿಗೆಂದು ಬೀದರಿಗೆ ಬಂದು ಇಲ್ಲೇ ಉಳಿದೆವು. ಆದರೆ ಎಳ್ಳಮಾವಾಸ್ಯೆಗೆ ಭಾಲ್ಕಿಗೆ ಹೋಗದ ವರ್ಷವಿಲ್ಲ. ಅವತ್ತು ನಮ್ಮ ಜಿಲ್ಲೆಯಲ್ಲಿ ಊರುಗಳು ಖಾಲಿ, ಹೊಲಗಳು ತುಂಬಿರುತ್ತವೆ. ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ. ಕರೆಯದೆ ಬಂದವರಿಗೂ ಎಲೆ ಹಾಕುತ್ತಾರೆ. ಸಜ್ಜೆ ರೊಟ್ಟಿ, ಮಡಿಕೆಯಲ್ಲಿ ಹುಳಿ ಬಂದ ಅಂಬಲಿ, ಶೇಂಗಾ ಹೋಳಿಗೆ, ಮತ್ತು ಎಲ್ಲಕ್ಕೂ ದೊಡ್ಡದಾದ ಭಜ್ಜಿ.

ಇದು ಎಣ್ಣೆಯಲ್ಲಿ ಕರಿಯುವ ಭಜಿಯಲ್ಲ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ, ಗಜ್ಜರಿ, ಬದನೆ, ಮೆಂತೆ ಸೊಪ್ಪು, ಹೊಲದಲ್ಲಿ ಆ ಕಾಲಕ್ಕೆ ಏನೇನು ಕೈಗೆ ಸಿಗುತ್ತದೋ ಅಷ್ಟನ್ನೂ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಹುಣಸೆ ರಸ ಬೆರೆಸಿ, ಕಡಲೆ ಹಿಟ್ಟು ಕಲಸಿ ಬಿಟ್ಟು, ಇಂಗಿನ ಒಗ್ಗರಣೆ ಕೊಡುವ ಅಡುಗೆ. ಕಾಳುಗಳನ್ನು ಯಾರು ಬೇಕಾದರೂ ಬೇಯಿಸಬಹುದು. ಹಿಟ್ಟು ಬಿಡುವುದು, ಇಂಗು ಹಾಕುವುದು ಮಾತ್ರ ಮನೆಯಲ್ಲಿ ಕೈಗುಣ ಇದ್ದ ಒಬ್ಬರೇ. ನಮ್ಮ ಮನೆಯಲ್ಲಿ ಅದು ಅತ್ತೆ. ನಾನು ಆ ಮನೆಗೆ ಕಾಲಿಡುವ ಮೊದಲಿನಿಂದಲೂ ಹೊಲದಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಸೌಟು ಹಿಡಿದು ನಿಲ್ಲುವವರು ಅವರೇ.

ಇದರಲ್ಲಿ ಒಂದು ಕಷ್ಟವಿದೆ. ಚರಗ ಆಗುವ ತನಕ, ಅಂದರೆ ಪೂಜೆ ಮುಗಿಸಿ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವ ತನಕ, ಯಾರೂ ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವೂ ಅಂದಾಜು. ಹಿಟ್ಟು ಎಷ್ಟು ಹಿಡಿಯಿತು ಎಂದು ಸೌಟಿನ ಭಾರ ಹೇಳಬೇಕು, ಇಂಗು ಎಷ್ಟು ಸಾಕು ಎಂದು ಮೂಗು ಹೇಳಬೇಕು. ಮದುವೆಯಾದ ವರ್ಷ ನನ್ನ ಬೆರಳಿಗೆ ಭಜ್ಜಿ ಸಿಡಿಯಿತು. ಬೆರಳು ತನ್ನಷ್ಟಕ್ಕೆ ಬಾಯಿಗೆ ಹೊರಟಿತು. ಅತ್ತೆ ನನ್ನ ಮಣಿಕಟ್ಟಿಗೆ ಪಟ್ಟನೆ ಒಂದು ಬಾರಿಸಿದರು.

“ಎಂಜಲ ಮಾಡ್ತಿ ಏನ? ಚರಗ ಆಗಲಿ!”

ಅಷ್ಟು ಜನರ ಮುಂದೆ ನನಗೆ ಅಳು ಬಂತು. ಆದರೆ ಊಟಕ್ಕೆ ಕೂತಾಗ ಆ ಭಜ್ಜಿ ಉಂಡು ಸಿಟ್ಟೆಲ್ಲ ಇಳಿಯಿತು. ರುಚಿ ನೋಡದೆ ಮಾಡಿದ ಅಡುಗೆಗೆ ಅಂಥ ರುಚಿ ಹೇಗೆ ಬಂತು ಎಂದು ಕೇಳಿದೆ. “ಕೈಗೆ ಗೊತ್ತಿರ್ತದವ್ವಾ” ಅಂದರು. ಮರುದಿನ ಓಣಿಯವರೆಲ್ಲ ಉಳಿದ ಭಜ್ಜಿ ಕೇಳಿಕೊಂಡು ಪಾತ್ರೆ ಹಿಡಿದು ಬಂದರು. ಮರುದಿನಕ್ಕೆ ಅದರ ರುಚಿ ಇನ್ನೂ ಏರುತ್ತದೆ.

ಅತ್ತೆ ಆಗ ಹಿಟ್ಟನ್ನು ತಾವೇ ಮಾಡಿಸುತ್ತಿದ್ದರು. ಕಡಲೆ ಒಡೆಸಿ, ಬೇಳೆ ಹಸನು ಮಾಡಿ, ಗಿರಣಿಗೆ ತಾವೇ ಹೊತ್ತೊಯ್ಯುತ್ತಿದ್ದರು. ಜೋಳ ಬೀಸಿದ ಹಿಂದೆಯೇ ಕಡಲೆ ಬೀಸಿದರೆ ಜೋಳದ ಹಿಟ್ಟು ಬೆರೆಯುತ್ತದೆ ಎಂದು, ಒಂದು ಮುಷ್ಟಿ ಬೇಳೆಯನ್ನು ಮೊದಲು ಸುರಿದು ಕಲ್ಲು ತೊಳೆಸಿ, ಆ ಹಿಟ್ಟನ್ನು ದನಕ್ಕೆ ಹಾಕಿ, ಆಮೇಲೆ ತಮ್ಮದನ್ನು ಬೀಸಿಸುವವರು. ಗಿರಣಿಯವನು ಅವರನ್ನು ಕಂಡರೆ ಹೆದರುತ್ತಿದ್ದ.

ಇದನ್ನು ತಪ್ಪಿಸಿದವಳು ನಾನು. ನೌಕರಿ ಇತ್ತು, ಬೀದರಿನ ಮನೆ ಇತ್ತು, ಪಟ್ಟಣದವಳೆಂಬ ಸೊಕ್ಕೂ ಇತ್ತು. ಬೀದರಿನ ಚೌಬಾರಾ ಗೋಪುರದ ಹತ್ತಿರದ ಒಂದು ಹಳೆ ಕಿರಾಣಿ ಅಂಗಡಿಯಿಂದ ಹಳದಿ ಪಾಕೀಟಿನ ಕಡಲೆ ಹಿಟ್ಟು, ಬಿಳಿ ಡಬ್ಬಿಯ ಇಂಗು ಒಯ್ದು ಕೊಟ್ಟೆ. “ನಿಮ್ಮ ಗಿರಣಿ ಹಿಟ್ಟಿನಾಗ ಹುಳ ಬೀಳ್ತಾವ್ರಿ ಅತ್ತಿ, ಇದು ಮಷಿನ್‍ನಾಗ ಆದದ್ದು” ಅಂದೆ. ಅತ್ತೆ ಹಿಟ್ಟನ್ನು ಬೆರಳ ನಡುವೆ ಉಜ್ಜಿ ನೋಡಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ಚಲೋ ಅದ ಅಂದರು. ಚಲೋನೇ ಇತ್ತು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆ ಪಾಕೀಟು ಕೆಟ್ಟದಾಗಿಯೇ ಬಂದಿದ್ದರೆ ಅತ್ತೆ ಅದನ್ನು ಅವತ್ತೇ ಎತ್ತಿ ಒಗೆಯುತ್ತಿದ್ದರು. ಮೊದಲು ಒಳ್ಳೆಯದು ಕೊಟ್ಟು ನಂಬಿಸಿದರು. ಎಷ್ಟೋ ವರ್ಷ ಅದೇ ಹಿಟ್ಟು, ಅದೇ ಇಂಗು, ಅದೇ ಭಜ್ಜಿ. ಅತ್ತೆಯ ಕೈ ಆ ಪಾಕೀಟಿಗೂ ಹೊಂದಿಕೊಂಡಿತು.

ಐದು ವರ್ಷದ ಹಿಂದಿನ ಎಳ್ಳಮಾವಾಸ್ಯೆಯಲ್ಲಿ ಭಜ್ಜಿ ಕೆಟ್ಟಿತು. ಎಂದಿನಷ್ಟೇ ಹಿಟ್ಟು ಕಲಸಿ ಬಿಟ್ಟರು, ಹಿಡಿಯಲಿಲ್ಲ. ಪಾತ್ರೆಯಲ್ಲಿ ನೀರು ನೀರೇ, ಕಾಳು ಕಾಳೇ. ಅತ್ತೆ ಸೌಟು ಎತ್ತಿ ಎತ್ತಿ ನೋಡಿದರು. ಇನ್ನೊಂದು ಬೊಗಸೆ ಹಿಟ್ಟು ಬಿಟ್ಟರು, ಅದು ಗಂಟು ಕಟ್ಟಿತು. ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದು, ಅಲ್ಲಾಡಿಸಿ, ಮತ್ತೆ ಮೂಗಿಗೆ ಹಿಡಿದರು. ರುಚಿ ನೋಡುವಂತಿಲ್ಲವಲ್ಲ. ಹಣೆಯ ಬೆವರು ಸೆರಗಿನಿಂದ ಒರೆಸಿಕೊಂಡು ಅಂದಾಜಿನ ಮೇಲೆ ಇಳಿಸಿದರು. ಊಟಕ್ಕೆ ಕೂತವರು ಭಜ್ಜಿಯನ್ನು ಬದಿಗೆ ಸರಿಸಿದರು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡರು. ಅರ್ಧ ಪಾತ್ರೆ ಹಾಗೇ ಮನೆಗೆ ಬಂತು. ಮರುದಿನ ಓಣಿಯಿಂದ ಯಾರೂ ಪಾತ್ರೆ ಹಿಡಿದು ಬರಲಿಲ್ಲ.

ಹೊಲದಿಂದ ಸಾಮಾನು ಕಟ್ಟುವಾಗ ಅತ್ತೆ ಮೆಲ್ಲಗೆ ಅಂದಿದ್ದರು, “ಹಿಟ್ಟು ಹಿಡೀಲಿಲ್ಲವ್ವಾ. ಇಂಗೂ ನಾರಲಿಲ್ಲ. ಸಾಮಾನ ಬ್ಯಾರೆ ಅನಸ್ತದ.”

ನಾನು ಕನ್ನಡದ ಟೀಚರು. ನನ್ನ ಬಾಯಲ್ಲಿ ಗಾದೆಗಳು ಸಾಲುಗಟ್ಟಿ ನಿಂತಿರುತ್ತವೆ. “ಅದೇ ಅಂಗಡಿ, ಅದೇ ಪಾಕೀಟ ರಿ ಅತ್ತಿ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!” ಅಂದುಬಿಟ್ಟೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಗುತ್ತಲೇ ಸೌಟನ್ನು ಬೂದಿ ಹಚ್ಚಿ ತೊಳೆದು ಚೀಲದಲ್ಲಿಟ್ಟರು. ಆ ಚೀಲವನ್ನು ಮುಂದಿನ ವರ್ಷ ನೆಗೆಣ್ಣಿ ಬಿಚ್ಚಿದಳು.

ಯಾರೂ ಕೂತು ತೀರ್ಮಾನ ಮಾಡಲಿಲ್ಲ. ವಯಸ್ಸಾಯಿತು, ಕೈ ಸೋತಿತು, ಇನ್ನು ಎಷ್ಟು ದಿನ ಅವರಿಂದಲೇ ಮಾಡಿಸುವುದು ಎಂಬ ಮಾತು ಮನೆಯಲ್ಲಿ ತಾನೇ ಹುಟ್ಟಿಕೊಂಡಿತು. ನೆಗೆಣ್ಣಿ ಕೆಟ್ಟವಳಲ್ಲ. ಅವಳೂ ಅದೇ ಹಿಟ್ಟು ಬಿಟ್ಟಳು, ಅವಳಿಗೂ ಹಿಡಿಯಲಿಲ್ಲ, ಆದರೆ ಅವಳು ಎರಡು ಪಾಕೀಟು ಮಸಾಲೆ ಪುಡಿ ಸುರಿದು ಖಾರ ಮಾಡಿದಳು. ಮಕ್ಕಳು ಚಲೋ ಅದ ಅಂದವು. ಅತ್ತೆ ಒಲೆಯಿಂದ ದೂರ, ಕಡಲೆ ಗಿಡದ ರಾಶಿಯ ಮುಂದೆ ಕೂತು ಕಾಯಿ ಬಿಡಿಸಿದರು.

ಅಲ್ಲಿಗೇ ಮುಗಿಯಲಿಲ್ಲ. ಅವರು ಮನೆಯ ದಿನದ ಅಡುಗೆಯಲ್ಲೂ ಅಂಜತೊಡಗಿದರು. ಬೇಳೆಸಾರು ಕುದಿಯುತ್ತಿದ್ದರೆ ಬಾಗಿಲಲ್ಲಿ ಹೋಗುವವರನ್ನೆಲ್ಲ ಕರೆದು ಚಮಚ ಮುಂದೆ ಮಾಡುವುದು. “ಉಪ್ಪ ನೋಡವ್ವಾ. ನನಗ ತಿಳೀವಲ್ದು.” ಉಪ್ಪಿನಕಾಯಿ ಹಾಕುವುದನ್ನು ಬಿಟ್ಟರು. ಒಂದು ಸಲ ನಾನು ಭಾಲ್ಕಿಗೆ ಹೋದಾಗ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಇಂಗಿನ ಡಬ್ಬಿಯನ್ನು ಮೂಸುತ್ತಿದ್ದರು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ, ಆಮೇಲೆ ಅದನ್ನು ಮುಚ್ಚಿ ಇದರಿಂದ. ನನ್ನನ್ನು ಕಂಡು ಡಬ್ಬಿ ಕೆಳಗಿಟ್ಟು, “ನನ್ನ ಮೂಗ ಸತ್ತದೇನೋ” ಅಂದರು. ಮೈದುನನ ಮಾತಿಗೆ ಡಾಕ್ಟರರಿಗೂ ತೋರಿಸಿದ್ದರಂತೆ. ಅವರು ಬ್ಯಾಟರಿ ಬಿಟ್ಟು ನೋಡಿ, ಏನೂ ಇಲ್ಲ, ವಯಸ್ಸಾದವರಿಗೆ ಹೀಗೇ ಆಗುತ್ತದೆ ಅಂದರಂತೆ. ನಾನು ಕೂಡ ಹೌದು ಹೌದು ಅಂದೆ. ಚೀಲದಲ್ಲಿ ಹೊಸ ಇಂಗಿನ ಡಬ್ಬಿ ಒಯ್ದಿದ್ದೆ, ಅದನ್ನು ಶೆಲ್ಫಿನಲ್ಲಿಟ್ಟು ಬಂದೆ.

ನನ್ನ ಕಣ್ಣು ತೆರೆದದ್ದು ಹೋದ ದಸರೆಯ ಹೊತ್ತಿಗೆ. ವಾಯು ಆಗುತ್ತದೆಂದು ಬಿಟ್ಟಿದ್ದ ಝುಣಕಾವನ್ನು ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಮಾಡಿದೆ. ಕಡಲೆ ಹಿಟ್ಟು, ಉಳ್ಳಾಗಡ್ಡಿ, ಖಾರ, ಇಂಗು, ಅಷ್ಟೇ. ನಮ್ಮ ಕಡೆ ಆರನೇ ತರಗತಿಯ ಹುಡುಗಿಗೂ ಬರುವ ಅಡುಗೆ. ಅದು ಗೋಂದಿನ ಹಾಗೆ ಬಾಣಲೆಗೆ ಅಂಟಿ ಕೂತಿತು, ಮೇಲೆ ಹಸಿ ಬಟಾಣಿಯ ವಾಸನೆ. ನನ್ನ ಗಂಡ ಒಂದು ತುತ್ತು ಉಂಡು, ರೊಟ್ಟಿಯನ್ನು ಮೊಸರಿಗೆ ತಿರುಗಿಸಿ, “ನಮ್ಮವ್ವನಂಗ ನಿನ್ನ ಕೈನೂ ಸೋಲ್ತು ನೋಡು” ಅಂದರು.

ನೋಡಿ ಈ ಮನುಷ್ಯ ಸ್ವಭಾವ! ಅತ್ತೆಗೆ ಅಂದಾಗ ನಾನು ಗಾದೆ ಸೇರಿಸಿ ನಕ್ಕವಳು. ಅದೇ ಮಾತು ನನಗೆ ಬಂದಾಗ ಮೈಯೆಲ್ಲ ಉರಿಯಿತು. ನನ್ನ ಕೈಗೇನಾಗಿದೆ, ನಿನ್ನೆ ಮಾಡಿದ ಪುಂಡಿಪಲ್ಯ ಚೆನ್ನಾಗಿರಲಿಲ್ಲವೇ? ಊಟ ಅರ್ಧಕ್ಕೆ ಬಿಟ್ಟು, ಪಾಕೀಟನ್ನೂ ಇಂಗಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಿಸಿಲಲ್ಲೇ ಚೌಬಾರಾದ ಕಡೆ ನಡೆದೆ.

ಆ ಅಂಗಡಿಯ ಚಾಚಾ ಅವರ ಮನೆತನ ತಲೆತಲಾಂತರದಿಂದ ಬೀದರಿನದು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಯಾರು ಬಂದರೆ ಅವರ ಭಾಷೆ. ನಾನು ಪಾಕೀಟನ್ನು ಕಟ್ಟೆಯ ಮೇಲೆ ಬಡಿದೆ.

“ಇದು ಏನ್ ಮಾಲ ರಿ ಚಾಚಾ?”

ಅವರು ಪಾಕೀಟು ಮುಟ್ಟಲೂ ಇಲ್ಲ. “ಚಾಳೀಸ ಹಾಕ್ಕೊಂಡು ಹಿಂದ ಓದ್ರಿ ಟೀಚರ್” ಅಂದರು.

ಚಾಳೀಸು ಹಾಕಿಕೊಂಡು ಓದಿದೆ. ಇರುವೆ ಸಾಲಿನಂಥ ಅಕ್ಷರ. ಮೊದಲಿಗೆ ಬಟಾಣಿ ಬೇಳೆ. ಆಮೇಲೆ ಅಕ್ಕಿ ಹಿಟ್ಟು. ಕಡಲೆ ಬೇಳೆ ಮೂರನೆಯದು. ಮುಂಭಾಗಕ್ಕೆ ತಿರುಗಿಸಿದೆ. ಅದೇ ಹಳದಿ ಬಣ್ಣ, ಅದೇ ತಟ್ಟೆ ಹಿಡಿದ ಹೆಂಗಸಿನ ನಗು. ಆದರೆ ಕಡಲೆ ಹಿಟ್ಟು ಎಂದು ಇರುತ್ತಿದ್ದ ಜಾಗದಲ್ಲಿ ಈಗ ಬೇರೇನೋ ಇದೆ: ಭಜಿಗೆ ಉತ್ತಮ ಹಿಟ್ಟು. ಕಡಲೆ ಎಂಬ ಮಾತೇ ಇಲ್ಲ. ಸುಳ್ಳು ಬರೆದಿಲ್ಲ, ನೋಡಿ. ಎಷ್ಟು ಜಾಣತನ! ಹೆಸರು ಬದಲಿಸಿದರು, ಬಣ್ಣ ಬದಲಿಸಲಿಲ್ಲ. ನಾವು ಹೆಂಗಸರು ಬಣ್ಣ ನೋಡಿ ಎತ್ತಿಕೊಳ್ಳುತ್ತೇವೆ ಎಂದು ಅವರಿಗೆ ಗೊತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ.

“ಎಷ್ಟ ದಿನದಿಂದ ಹಿಂಗ ಅದ ರಿ?”

“ಐದಾರ ವರ್ಸ ಆತೇನೋ. ಡಬ್ಬಿ ಅದೇ, ಒಳಗಿಂದು ಬ್ಯಾರೆ. ಈ ಹಿಂಗ್ ನೋಡ್ರಿ.” ಅವರು ನನ್ನ ಬಿಳಿ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿದರು. “ಮೊದಲ ಇದರ ಮುಚ್ಚಳ ತಗದ್ರ ಅಂಗಡ್ಯಾಗ ಕೂತ ಮಂದಿ ಮೂಗ ಮುಚ್ಕೋತಿದ್ರು. ಈಗ ಬರೇ ಆಟಾ, ಗೋದಿ ಹಿಟ್ಟು. ಪೂರಾ ಆಟಾ.”

“ನನಗ್ಯಾಕ ಹೇಳಲಿಲ್ರಿ?”

ಚಾಚಾ ನನ್ನ ಮುಖ ನೋಡಿದರು. “ಕೇಳಿದವರಿಗೆಲ್ಲಾ ಹೇಳೀನ್ರಿ. ನೀವು ಎಂದೂ ಕೇಳಲಿಲ್ಲ. ಬಂದ್ರಿ, ಬೆರಳ ತೋರಿಸಿದ್ರಿ, ತಗೊಂಡ ಹೋದ್ರಿ. ಓದಿದವರು, ನೋಡೇ ತಗೋತಾರ ಅಂದ್ಕೊಂಡೀನಿ.”

ಓದಲು ಕಲಿಸಿಯೇ ಹೊಟ್ಟೆ ಹೊರೆದವಳು ನಾನು. ಮಕ್ಕಳು ಒಂದು ಒತ್ತಕ್ಷರ ಬಿಟ್ಟರೆ ಹತ್ತು ಸಲ ಬರೆಸುತ್ತಿದ್ದೆ. ಐದು ವರ್ಷ ಒಂದು ಪಾಕೀಟಿನ ಬೆನ್ನು ಓದಿರಲಿಲ್ಲ. ಚಾಚಾ ಅವರ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವರು ನೀರು ತರಿಸಿಕೊಟ್ಟರು. ಅತ್ತೆ ಅವತ್ತೇ ಹೇಳಿದ್ದರಲ್ಲ, ಸಾಮಾನು ಬೇರೆ ಅನ್ನಿಸುತ್ತದೆ ಎಂದು. ಚಾಳೀಸು ಇಲ್ಲದೆ, ಅಕ್ಷರ ಇಲ್ಲದೆ, ಬರಿ ಸೌಟಿನ ಭಾರದಿಂದ ಅವರು ಓದಿದ್ದನ್ನು ನಾನು ಗಾದೆಯಿಂದ ಹೊಡೆದು ಹಾಕಿದ್ದೆ.

ಮನೆಗೆ ಬಂದು ಪಾಕೀಟಿನ ಮೇಲಿದ್ದ ಗ್ರಾಹಕರ ನಂಬರಿಗೆ ಫೋನು ಮಾಡಿದೆ. ಮೊದಲು ಹಾಡು ಬಂತು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಬ್ಬಳು ಏಳೆಂಟು ಸಲ ಹೇಳಿದಳು. ಕೊನೆಗೆ ಒಬ್ಬ ತರುಣ ಸಿಕ್ಕ. ನಯವಾದ ಬೆಂಗಳೂರು ಕನ್ನಡ. ನಾನು ನಡೆದದ್ದೆಲ್ಲ ಹೇಳಿದೆ, ಎಳ್ಳಮಾವಾಸ್ಯೆಯಿಂದ ಹಿಡಿದು. ಅವನು ಪಾಪ ಮಧ್ಯೆ ಬಾಯಿ ಹಾಕದೆ ಕೇಳಿದ.

“ನಿಮಗಾದ ತೊಂದರೆಗೆ ಕ್ಷಮೆ ಇರಲಿ ಮೇಡಂ. ಪದಾರ್ಥಗಳ ವಿವರ ಪ್ಯಾಕೆಟ್ ಮೇಲೆ ಇದೆ ಮೇಡಂ. ಆದ್ರೂ ನಿಮಗೋಸ್ಕರ ಒಂದು ಹೊಸ ಪ್ಯಾಕೆಟ್ ಕಳಿಸಿಕೊಡ್ತೀವಿ.”

“ನಮ್ಮ ಅತ್ತಿ ಕೈ ಯಾವ ಪಾಕೀಟಿನಾಗ ಹಾಕಿ ಕಳಿಸ್ತೀರಿ?” ಎಂದು ಕೂಗಿದೆ. ಅವನು ವಿಳಾಸ ಹೇಳಿ ಮೇಡಂ ಅಂದ. ನಾನು ಫೋನು ಇಟ್ಟೆ. ಅವನ ಮೇಲೆ ಸಿಟ್ಟು ಮಾಡಿ ಏನು ಮಾಡುವುದು? ಕಡಲೆಗೆ ಬಟಾಣಿ ಬೆರೆಸಲು ಹೇಳಿದವನು ಫೋನಿಗೆ ಸಿಗುವುದಿಲ್ಲ.

ಮರುವಾರ ಔರಾದ ಬಸ್ಸು ಹತ್ತಿ ಎಕಂಬಾಕ್ಕೆ ಹೋದೆ. ನಮ್ಮಣ್ಣ ಪ್ರತಿ ವರ್ಷ ಕರಿ ಹೊಲದಲ್ಲಿ ಕಡಲೆ ಬೆಳೆಯುತ್ತಾನೆ. ಅಲ್ಲಿ ಅಡುಗೆಮನೆಗೆ ಕಾಲಿಟ್ಟರೆ ಶೆಲ್ಫಿನ ಮೇಲೆ ಅದೇ ಹಳದಿ ಪಾಕೀಟು, ಅದೇ ಹೆಂಗಸಿನ ನಗು! ಕಡಲೆ ಬೆಳೆಯುವ ಮನೆಯಲ್ಲಿ ಬಟಾಣಿ ಹಿಟ್ಟಿನ ಝುಣಕಾ. “ಇದೇನ ವೈನಿ?” ಅಂದೆ. “ಯಾರ ಒಡಸ್ತಾರ, ಯಾರ ಬೀಸಸ್ತಾರ ಬಾ” ಅಂದರು ಅಣ್ಣನ ಹೆಂಡತಿ. ಮಾಲು ರಾಶಿಯಾದ ದಿನವೇ ಪೇಟೆಗೆ ಹೋಗುತ್ತದೆ, ಬೀಜಕ್ಕೆ ಮಾತ್ರ ಉಳಿಸುತ್ತಾರೆ. ನನಗೆ ಬೈಯುವ ಬಾಯಿ ಬರಲಿಲ್ಲ, ಬಂದರೆ ಮೊದಲು ನನ್ನನ್ನೇ ಬೈಯಬೇಕಿತ್ತು. ಅಣ್ಣ ಬೀಜದ ಚೀಲ ಬಿಚ್ಚಿ, “ಎಷ್ಟ ಬೇಕ ತಗೋ” ಅಂದ. ಬಿತ್ತನೆಯ ಹೊತ್ತಿನಲ್ಲಿ ಬೀಜದ ಚೀಲ ಬಿಚ್ಚುವುದು ಸಣ್ಣ ಮಾತಲ್ಲ. ಅವನು ಯಾಕೆ ಎಂದು ಕೇಳಲೂ ಇಲ್ಲ.

ಬೀದರಿಗೆ ತಂದು ಒಣಗಿಸಿ, ಒಡೆಸಿ, ಸಿಪ್ಪೆ ತೂರಿ, ಬೇಳೆ ಹಸನು ಮಾಡಿದೆ. ಕಣ್ಣು ನೋಯುವ ತನಕ ಆರಿಸಿದೆ. ಗಿರಣಿಯಲ್ಲಿ ಒಂದು ಮುಷ್ಟಿ ಮೊದಲು ಸುರಿಸಿ ಕಲ್ಲು ತೊಳೆಸಿದೆ. ಗಿರಣಿಯವನು ಗೊಣಗಿದ, ನಾನು ಅವನಿಗಿಂತ ಜೋರಾಗಿ ಗೊಣಗಿದೆ. ಇಂಗಿಗೆ ಚಾಚಾ ಅವರನ್ನೇ ಕೇಳಿದೆ. ಈ ಸಲ ಬಾಯಿ ಬಿಟ್ಟು ಕೇಳಿದೆ. ಅವರು ಒಳಗಿನಿಂದ ತಗಡಿನ ಡಬ್ಬಿ ತಂದು, ಬಟ್ಟೆಯ ಗಂಟು ಬಿಚ್ಚಿ, ಅಂಟುವ ಕಂದು ಗಟ್ಟಿಯೊಂದನ್ನು ಮುರಿದು ಕೊಟ್ಟರು. ಮನೆಗೆ ಬರುವ ಆಟೋದಲ್ಲಿ ಅದರ ನಾತಕ್ಕೆ ಚಾಲಕ ಎರಡು ಸಲ ಹಿಂದೆ ತಿರುಗಿ ನೋಡಿದ.

ಈ ಸಲದ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಪಾತ್ರೆ ಇಳಿಸುವಾಗಲೇ ನಾನು ನೆಗೆಣ್ಣಿಗೆ ಹೇಳಿದೆ, ಇವತ್ತು ಅತ್ತೆ ಹಿಟ್ಟು ಬಿಡಲಿ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಸೌಟು ತಂದು ಅತ್ತೆಯ ಮುಂದೆ ಹಿಡಿದಳು. ಅತ್ತೆ ಎರಡೂ ಕೈ ಹಿಂದೆ ಸರಿಸಿದರು.

“ಬ್ಯಾಡವ್ವಾ. ನನ್ನ ಕೈ ಅಲ್ಲ ಈಗ ಅದು. ಮಂದಿ ಉಣ್ಣೋದು.”

ನಾನು ಬಿಡಲಿಲ್ಲ. ರಟ್ಟೆ ಹಿಡಿದು ಒಲೆಯ ಮುಂದೆ ನಿಲ್ಲಿಸಿದೆ. ಒಗ್ಗರಣೆಗೆ ಇಂಗಿನ ಚೂರು ಬಿದ್ದ ಕ್ಷಣಕ್ಕೆ ಅತ್ತೆ ತಲೆ ಎತ್ತಿದರು. ಹೊಲದ ಬದುವಿನ ತನಕ ಆ ವಾಸನೆ ಹಬ್ಬಿತ್ತು. “ಯವ್ವಾ, ಇಂಗು!” ಅಂದರು. ಹಿಟ್ಟು ಕಲಸುವಾಗ ಬೆರಳ ನಡುವೆ ಉಜ್ಜಿದರು, ನನ್ನ ಕಡೆ ನೋಡಿದರು. ಹಿಟ್ಟು ಬಿಟ್ಟು ತಿರುವಿದರು. ನಾಲ್ಕು ಕುದಿಗೆ ಭಜ್ಜಿ ಮಂದವಾಗಿ ಸೌಟಿಗೆ ಹತ್ತಿತು. ಸರಿಯಾಗಿದೆ ಎಂದು ಪಕ್ಕದಲ್ಲಿ ನಿಂತ ನನಗೂ ಕಾಣುತ್ತಿತ್ತು.

ಆಗ ಅತ್ತೆ ಒಂದು ಕೆಲಸ ಮಾಡಿದರು. ಆ ಕಡೆ ಗಂಡಸರು ಪೂಜೆಗೆ ಕೂತಿದ್ದರು, ಚರಗ ಇನ್ನೂ ಆಗಿರಲಿಲ್ಲ. ಅತ್ತೆ ಆಚೆ ಈಚೆ ನೋಡಿ, ಸೌಟಿನ ತುದಿಯಲ್ಲಿ ಚೂರು ಭಜ್ಜಿ ತೆಗೆದು, ಸೆರಗು ಮರೆ ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದರು.

“ಚೂರ ನೋಡವ್ವಾ. ಉಪ್ಪ ಅದನೋ ಇಲ್ಲೋ. ಯಾರಿಗೂ ಹೇಳಬ್ಯಾಡ. ಭೂಮಿತಾಯಿ ನನ್ನ ತಪ್ಪ ಹೊಟ್ಯಾಗ ಹಾಕ್ಕೋತಾಳ.”

ನನ್ನ ಮಣಿಕಟ್ಟಿಗೆ ಬಾರಿಸಿದ ಕೈ ಅದು. ಅದೇ ಹೊಲ, ಅದೇ ಒಲೆ. ಈಗ ಆ ಕೈಯೇ ನನ್ನ ಬಾಯಿಗೆ ಸೌಟು ಹಿಡಿದಿತ್ತು. ನನಗೆ ತಡೆಯಲಾಗಲಿಲ್ಲ. ನೆಂಟರು, ಓಣಿಯವರು, ಎಲ್ಲರ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟೆ.

“ನಿಮ್ಮ ಕೈ ಕೆಟ್ಟಿಲ್ರಿ ಅತ್ತಿ. ಎಂದೂ ಕೆಟ್ಟಿದ್ದಿಲ್ಲ. ನಾ ತಂದ ಹಿಟ್ಟ ಕೆಟ್ಟಿತ್ತು. ಅದು ಕಡಲಿ ಹಿಟ್ಟ ಅಲ್ಲ, ಬಟಾಣಿದು. ಇಂಗೂ ಇಂಗಲ್ಲ. ಐದ ವರ್ಷದಿಂದ ನಾನs ತಂದೀನಿ, ನಾನs ನಿಮಗ ಗಾದಿ ಹೇಳಿ ನಕ್ಕೀನಿ. ಆ ಪಾಕೀಟ ಒಮ್ಮೆ ಓದಲಿಲ್ರಿ ನಾನು.”

ಅತ್ತೆ ಸೌಟನ್ನು ತಮ್ಮ ಕಡೆ ಎಳೆದುಕೊಂಡರು.

“ಬಟಾಣಿ?” ಅಂದರು.

“ಹೌದ್ರಿ.”

“ನಾ ಅವತ್ತs ಅಂದಿದ್ದೆ.”

“ಅಂದಿದ್ರಿ.”

“ನನ್ನ ಮೂಗ?”

“ಚಲೋ ಅದ ರಿ.”

ಅವರು ಒಲೆಯನ್ನು ನೋಡಿದರು. ಆಮೇಲೆ ನನ್ನನ್ನು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ, ಹೋಗಲಿ ಬಿಡು ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ಅವರ ಹುಬ್ಬು ಗಂಟಿಕ್ಕಿತು. ಸೌಟಿನ ತುದಿಯ ಭಜ್ಜಿಯನ್ನು ಪಾತ್ರೆಗೆ ಬಡಿದು ಹಾಕಿದರು.

“ಐದ ವರ್ಷ ನನ್ನ ನಾಲಿಗಿ ನಾನs ಬೈಕೊಂಡೀನಿ. ದವಾಖಾನಿಗೂ ಹೋಗಿ ಬಂದೀನಿ. ಬಟಾಣಿ ಅಂತ! ಮುಂದಿನ ವರ್ಷ ನೀ ಏನೂ ತರಬ್ಯಾಡ. ನಾನs ಬೀಸಸ್ತೇನಿ.”

ಚರಗ ಆಗಿ ಊಟಕ್ಕೆ ಕೂರುವ ತನಕ ನನ್ನ ಜೊತೆ ಮಾತು ಬಿಟ್ಟರು. ಪಂಕ್ತಿಯಲ್ಲಿ ಬಡಿಸುತ್ತ ಎಲ್ಲರಿಗೂ ಎರಡೆರಡು ಸೌಟು ಹಾಕಿದರು, ನನ್ನ ತಟ್ಟೆಗೆ ಒಂದೇ. ನಾನು ಉಣ್ಣುತ್ತಿದ್ದಾಗ ಅವರು ಒಲೆಯ ಹತ್ತಿರ ಒಬ್ಬರೇ ನಿಂತು, ಸೌಟಿನಿಂದ ಅಂಗೈಗೆ ಸ್ವಲ್ಪ ಹಾಕಿಕೊಂಡು ನೆಕ್ಕಿದ್ದನ್ನು ನೋಡಿದೆ. ಯಾರನ್ನೂ ಕರೆದು ಉಪ್ಪು ಕೇಳಲಿಲ್ಲ.